ಮಂಡ್ಯದ ಕಂಪ್ಯೂಟರ್ ಕ್ಲಬ್ಬು, ನಮ್ಮ ಭಾವನ ಆಲೆಮನೆ

ಮಂಡ್ಯದಲ್ಲಿ ಒಂದು ಕಂಪ್ಯೂಟರ್ ಕ್ಲಬ್ ಇದೆ. ಕಂಪ್ಯೂಟರ್ ಇಲ್ಲ.

ಇದನ್ನು ಹೇಳಿದಾಗಲೆಲ್ಲ ಬೆಂಗಳೂರಿನ ನೆಂಟರು ನಗುತ್ತಾರೆ. ನಗಲಿ ಬಿಡಿ. ಸಂಗೀತ ಸಭೆಯ ಮೆಂಬರುಗಳೆಲ್ಲ ಹಾಡುತ್ತಾರೆಯೇ?

ನಾವು ಭಾನುವಾರ ಬೆಳಿಗ್ಗೆ ಶ್ರೀಕಂಠಯ್ಯನವರ ಮನೆಯ ಹಜಾರದಲ್ಲಿ ಸೇರುತ್ತೇವೆ. ಅವರು ಫಿಸಿಕ್ಸ್ ಮೇಷ್ಟ್ರು, ಕ್ಲಬ್ಬಿನ ಸೆಕ್ರೆಟರಿ. ಮಳವಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ಜವರಪ್ಪ ಮೊದಲ ಬಸ್ಸಿಗೇ ಬಂದುಬಿಡುತ್ತಾರೆ. ಕಾಲೇಜಿನಲ್ಲಿ ಅದೇ ಗಣಿತ ಹೇಳುವವಳು ನಾನು. ಇನ್ನು ನಾಲ್ಕಾರು ಮಂದಿ ಕಾಫಿಯ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಕೂತು ಹಾಳೆಯ ಮೇಲೆ ಪ್ರೋಗ್ರಾಂ ಬರೆಯುತ್ತೇವೆ. ಅದು ಬಸ್ಸಿನಲ್ಲಿ ಬೆಂಗಳೂರಿನ ಒಂದು ಕಂಪ್ಯೂಟರ್ ಸೆಂಟರಿಗೆ ಹೋಗುತ್ತದೆ. ಅಲ್ಲಿನವರು ಅದನ್ನು ಕಾರ್ಡುಗಳಲ್ಲಿ ತೂತು ಕೊರೆದು ಯಂತ್ರಕ್ಕೆ ತಿನ್ನಿಸುತ್ತಾರೆ. ಉತ್ತರ ಬಸ್ಸಿನಲ್ಲೇ ವಾಪಸ್ಸು. (ಒಮ್ಮೆ ಮದ್ದೂರಿನಲ್ಲಿ ವಡೆಗೆಂದು ಇಳಿದ ಪುಣ್ಯಾತ್ಮನೊಬ್ಬ ನಮ್ಮ ಉತ್ತರವನ್ನೂ ಇಳಿಸಿಕೊಂಡು ಹೋಗಿದ್ದ.)

ತಪ್ಪು ಕಳಿಸಿದರೆ ಒಂದು ವಾರ ದಂಡ. ಆದ್ದರಿಂದ ಕಳಿಸುವ ಮುಂಚೆ ನಾವೇ ಕಂಪ್ಯೂಟರ್ ಆಗುತ್ತೇವೆ. ಶ್ರೀಕಂಠಯ್ಯ ಪ್ರೋಗ್ರಾಮಿನ ಒಂದೊಂದೇ ಸಾಲು ಓದುತ್ತಾರೆ. ಜವರಪ್ಪ ಕೂಡುತ್ತಾರೆ, ಕಳೆಯುತ್ತಾರೆ. ನಾನು ಮೆಮೊರಿ. ಅಂದರೆ, ನನ್ನ ಮುಂದೆ ಸಾಲಾಗಿ ಸ್ಟೀಲ್ ಬಟ್ಟಲು. ಅಂಕಿ ಎಷ್ಟೆಂದರೆ ಅಷ್ಟು ಹುಣಸೆಬೀಜ ಅದರೊಳಗೆ. (ಅಂಗಡಿಯಿಂದ ಉಪ್ಪು ತರಲು ಮರೆಯುವ ನೀನು ಮೆಮೊರಿ ಹೇಗಾದೆ ಎಂದು ನಮ್ಮ ಮನೆಯವರು ಕೇಳುತ್ತಾರೆ. ಅದು ಬೇರೆ ಡಿಪಾರ್ಟ್‌ಮೆಂಟು.)

ಇದೆಲ್ಲ ಯಾತಕ್ಕೆ ಅಂತೀರಾ? ಬೆಲ್ಲಕ್ಕೆ.

ನಮ್ಮಕ್ಕನ ಗಂಡ ಬೋರೇಗೌಡರದು ನಿಡಘಟ್ಟದ ಹತ್ತಿರದ ಹಳ್ಳಿ. ಅಲ್ಲಿ ಊರವರೆಲ್ಲ ಸೇರಿ ನಡೆಸುವ ಒಂದು ಆಲೆಮನೆಯಿದೆ. ಯಾರ ಕಬ್ಬು ಮೊದಲು ಗಾಣಕ್ಕೆ ಹೋಗಬೇಕು? ವರ್ಷವೂ ಇದೇ ಜಗಳ. ಬಲಿತ ಕಬ್ಬು ಕಾಯುತ್ತಾ ನಿಂತರೆ ರಸ ಬತ್ತಿಹೋಗುತ್ತದೆ, ಯಾರು ಸುಮ್ಮನಿರುತ್ತಾರೆ? ಈ ಸರದಿಯ ಜಗಳದಲ್ಲೇ ಭಾವನೂ ಅವರ ಒಡಹುಟ್ಟಿದ ತಮ್ಮನೂ ಮಾತು ಬಿಟ್ಟಿದ್ದರು. ಒಂದೇ ಗೋಡೆಯ ಆಚೆಗೊಬ್ಬರು, ಈಚೆಗೊಬ್ಬರು. ನಮ್ಮಕ್ಕ ಅತ್ತಿದ್ದನ್ನು ನಾನು ನೋಡಿದ್ದೇನೆ.

ಕಳೆದ ವರ್ಷ ನಮ್ಮ ಕ್ಲಬ್ಬು ಕಬ್ಬು ನೆಟ್ಟ ತಿಂಗಳು, ತಳಿ, ನೀರಿನ ಅನುಕೂಲ, ಹಿಂದಿನ ಸಲ ಯಾರು ಹೆಚ್ಚು ಕಾದರು, ಎಲ್ಲ ಹಾಕಿ ಸರದಿಯ ಪಟ್ಟಿ ತೆಗೆಯಿತು. ಊರು ಒಪ್ಪಿತು. ಅಣ್ಣತಮ್ಮಂದಿರು ಮತ್ತೆ ಒಂದೇ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡರು.

ಈ ವರ್ಷ ಪಟ್ಟಿ ತೆಗೆಯುವ ಹೊತ್ತಿಗೆ ಸೆಂಟರಿನಿಂದ ಕಾಗದ ಬಂತು. ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆದು ಹೊಸದನ್ನು ಹಾಕುತ್ತಿದ್ದಾರಂತೆ. ಹಳೆಯದೇ ಬೇಕೆಂದವರಿಗೆ ಈ ಒಂದು ಸೀಸನ್ ಶನಿವಾರ ಮಾತ್ರ ನಡೆಸಿಕೊಡುತ್ತಾರಂತೆ. ನಿಮಗೆ ಯಾವುದು ಬೇಕು?

ಆಪರೇಟಿಂಗ್ ಸಿಸ್ಟಂ ಅಂದರೆ ಏನೆಂದು ಭಾವ ಕೇಳಿದ್ದರು. ಛತ್ರದ ಪಾರುಪತ್ಯಗಾರ ಅಂದುಕೊಳ್ಳಿ ಎಂದಿದ್ದೆ. ಅಡಿಗೆ ನಮ್ಮದೇ. ಆದರೆ ಯಾವ ಕೋಣೆ ಯಾರಿಗೆ, ಯಾವ ಪಾತ್ರೆ ಯಾರಿಗೆ, ಒಲೆ ಯಾರಿಗೆ ಎಷ್ಟು ಹೊತ್ತು, ಎಲ್ಲ ಅವನು ಹೇಳಿದ ಹಾಗೆ.

ಆ ಭಾನುವಾರ ಭಾವನೂ ಬಂದು ಕೂತಿದ್ದರು.

“ಇರೋದು ಚೆನ್ನಾಗೇ ನಡೀತಿದೆಯಲ್ಲ, ಯಾಕೆ ಕೆದಕಬೇಕು?” ಎಂದರು ಶ್ರೀಕಂಠಯ್ಯ.

“ಸೀಸನ್ ಮುಗುದ್ಮೇಲೆ ಏನ್ ಮಾಡೀರಿ ಸಾ?” ಎಂದರು ಜವರಪ್ಪ. “ಆಗ ಓಗಿ ಅವ್ರ ಕಾಲ್ ಕಟ್ಟೋ ಬದ್ಲು ಇವಾಗ್ಲೇ ಕಲ್ತ್ಕಬುಡನ.”

ಭಾವ ನನ್ನ ಕಡೆ ತಿರುಗಿದರು. “ಪಾರುಪತ್ಯಗಾರ ಯಾವನಾರ ಆಗ್ಲಿ ಕಣಮ್ಮ. ಪಟ್ಟಿ ಕೆಡ್ತು ಅಂದ್ರೆ ಮಾತ್ರ ನನ್ ತಮ್ಮ ಮತ್ತೆ ಮೊಕ ಕೊಟ್ಟು ಮಾತಾಡಕಿಲ್ಲ.”

ಕೊನೆಗೆ ಒಂದು ಒಪ್ಪಂದವಾಯಿತು. ಹಳೆಯದರಲ್ಲೂ ಓಡಿಸಿ, ಹೊಸದರಲ್ಲೂ ಓಡಿಸಿ ಎಂದು ಬರೆದೆವು. ಮೂರನೆಯದಾಗಿ ನಾವೇ ಹುಣಸೆಬೀಜದಲ್ಲಿ ಪಟ್ಟಿ ತೆಗೆದು ಇಟ್ಟುಕೊಂಡೆವು. ಮುಂದಿನ ಭಾನುವಾರ ಎರಡೂ ಉತ್ತರ ಬಂದವು. ಹಳೆಯದು ನಮ್ಮ ಬಟ್ಟಲಿನ ಲೆಕ್ಕಕ್ಕೆ ತಾಳೆಯಾಯಿತು. ಹೊಸದೋ, ದೇವರೇ ಗತಿ. ಮೊಣಕಾಲುದ್ದ ಬೆಳೆದ ಕಬ್ಬಿಗೆ ಮೊದಲ ದಿನ. ಬಲಿತು ನಿಂತಿದ್ದ ಭಾವನ ತಮ್ಮನ ಕಬ್ಬಿಗೆ ಕಟ್ಟಕಡೆಯ ದಿನ.

ಈ ಸಲವೂ ಬಂದು ಕೂತಿದ್ದ ಭಾವನ ಮುಖ ಬಾಡಿತು. ಶ್ರೀಕಂಠಯ್ಯನವರ ಮುಖ ಅರಳಿತು. “ನಾನು ಬಡ್ಕೊಂಡೆ, ಕೇಳಿದ್ರಾ? ಹಳೆಯದೇ ಸಾಕು ಅಂತ ಬರೆದುಬಿಡ್ತೀನಿ” ಎಂದು ಪೆನ್ನು ತೆಗೆದರು.

ನನಗೆ ಸಿಟ್ಟು ಬಂತು. ಹೊಸಬನ ತಪ್ಪೋ ನಮ್ಮ ತಪ್ಪೋ ನೋಡದೆ ಷರಾ ಬರೆಯುವುದೇ? “ಪೆನ್ನು ಮುಚ್ಚಿ ಸರ್, ಇನ್ನೊಂದು ಸಲ ಓದಿ” ಎಂದೆ. ಎಲ್ಲರೂ ಅವರವರ ಜಾಗದಲ್ಲಿ ಕೂತೆವು. ನಾನು ಬಟ್ಟಲುಗಳನ್ನು ಎಳೆದುಕೊಂಡು, ಒಳಗಿದ್ದ ಬೀಜವೆಲ್ಲ ಮೊರಕ್ಕೆ ಸುರಿದು, ಸೆರಗಿನಿಂದ ಒರೆಸಿ ಸಾಲಾಗಿ ಇಟ್ಟೆ.

“ಮೇಡಂ” ಎಂದರು ಜವರಪ್ಪ. “ಅದ್ನ ಯಾರ್ ಏಳಿದ್ರು ನಿಮ್ಗೆ?”

“ಯಾವುದನ್ನ?”

“ಬಟ್ಲು ಬರಿದು ಮಾಡು ಅಂತ. ಸಾ ಇನ್ನೂ ಮೊದಲ್ನೇ ಸಾಲೇ ಓದಿಲ್ವಲ್ಲ.”

ಶ್ರೀಕಂಠಯ್ಯ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸೊನ್ನೆಯಿಂದ ಶುರುಮಾಡು ಎನ್ನುವ ಸಾಲು ಅದರಲ್ಲಿ ಇರಲೇ ಇಲ್ಲ. ನಾವು ಬರೆದೇ ಇರಲಿಲ್ಲ. ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಪ್ರತಿ ಭಾನುವಾರ ಯಾರೂ ಹೇಳದೆಯೇ ನಾನು ಬಟ್ಟಲು ಬರಿದು ಮಾಡಿ ಕೂರುತ್ತಿದ್ದೆ. ತೊಳೆಯದ ಪಾತ್ರೆ ಒಲೆಗಿಟ್ಟರೆ ಅವ್ವ ಸೌಟಿನಲ್ಲೇ ಕೊಡುತ್ತಿದ್ದ ಮನೆಯಲ್ಲಿ ಬೆಳೆದವಳು. ಇನ್ನೇನು ಮಾಡಲಿ?

ಹಳೆಯ ಪಾರುಪತ್ಯಗಾರನೂ ನನ್ನ ಹಾಗೆಯೇ. ಪಾತ್ರೆ ತಾನೇ ತೊಳೆದು ಕೈಗೆ ಕೊಡುತ್ತಿದ್ದ. ಹೊಸಬ ಇದ್ದದ್ದು ಇದ್ದ ಹಾಗೇ ಕೊಟ್ಟ, ತೊಳೆಯುವುದು ನಿಮ್ಮ ಕೆಲಸ ಎಂದು. ನಮಗಿಂತ ಮುಂಚೆ ಓಡಿಸಿದವರ ಲೆಕ್ಕದ ಉಳಿಕೆಯ ಮೇಲೆ ನಮ್ಮ ಕಬ್ಬಿನ ಲೆಕ್ಕ ಬಿದ್ದಿತ್ತು.

“ಅಂದ್ರೆ ಎಂಜ್ಲೆಲೆ ಮ್ಯಾಲೆ ಉಂಡಂಗಾಯ್ತು ಅನ್ನಿ” ಎಂದರು ಭಾವ.

ಶ್ರೀಕಂಠಯ್ಯ ನಕ್ಕರು. “ಹೆಂಗಸರನ್ನ ಮೆಮೊರಿ ಮಾಡಿದ್ದೇ ತಪ್ಪಾಯ್ತು.”

“ನಿಮ್ಮನ್ನ ಮಾಡಿದ್ರೆ ಬಟ್ಟಲು ಯಾರು ತೊಳೀತಿದ್ರು ಸರ್?” ಎಂದೆ. ಅಡಿಗೆಮನೆಯಿಂದ ಅವರ ಮನೆಯವರು ನಕ್ಕದ್ದು ಹಜಾರಕ್ಕೆಲ್ಲ ಕೇಳಿಸಿತು.

ಓದುಗರೇ, ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ ನೋಡಿ. ಹೊಸ ಸೊಸೆ ಬಂದಳು, ಮನೆ ಕೆಟ್ಟಿತು ಅನ್ನುತ್ತೇವೆ. ಹೊಸ ಗುಮಾಸ್ತೆ ಬಂದ, ಕೆಲಸ ಕೆಟ್ಟಿತು ಅನ್ನುತ್ತೇವೆ. ಹಳಬರು ಬಾಯಿಬಿಡದೆ ಮಾಡುತ್ತಿದ್ದ ಕೆಲಸವನ್ನು ಹೊಸಬರಿಗೆ ಹೇಳಿದವರು ಯಾರು?

ಮತಕ್ಕೆ ಹಾಕಿದಾಗ ಹೊಸದಕ್ಕೇ ಹೋಗೋಣ ಎಂದು ಮೊದಲು ಕೈ ಎತ್ತಿದವರು ಶ್ರೀಕಂಠಯ್ಯನವರೇ. ಬಟ್ಟಲು ಬರಿದು ಮಾಡುವ ಸಾಲು ಸೇರಿಸಿ, ತಪ್ಪು ಎಲ್ಲಿತ್ತೆಂದು ಸೆಂಟರಿಗೂ ಬರೆದೆವು. ಮುಂದಿನ ವಾರ ಹೊಸ ಪಾರುಪತ್ಯಗಾರ ಅಚ್ಚುಕಟ್ಟಾದ ಪಟ್ಟಿ ಕಳಿಸಿದ. ನಮ್ಮ ಬಟ್ಟಲಿನ ಪಟ್ಟಿಗೂ ಅದಕ್ಕೂ ಒಂದು ಹೆಸರೂ ಆಚೀಚೆ ಇಲ್ಲ. ಜೊತೆಗೆ ಸೆಂಟರಿನವರ ಕಾಗದ. ಇನ್ನೂ ಕೆಲವರ ಲೆಕ್ಕ ಹೀಗೇ ಕೆಟ್ಟಿತ್ತಂತೆ, ಕಾರಣ ತಿಳಿಯದೆ ಒದ್ದಾಡುತ್ತಿದ್ದರಂತೆ. ನಾವು ಬರೆದು ಕಳಿಸಿದ್ದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರಂತೆ, ಕೆಳಗೆ ಮಂಡ್ಯ ಎಂದು ಹಾಕಿ. ನನಗೆ ಜಂಬ ಬಂದಿದೆ. ಬರಬಾರದೇ? ಬಂದಿದೆ, ಮುಚ್ಚಿಡುವುದಿಲ್ಲ.

ಕಳೆದ ವಾರ ಪಟ್ಟಿ ತೆಗೆದುಕೊಂಡು ಭಾವನ ಊರಿಗೆ ನಾನೇ ಹೋಗಿದ್ದೆ. ಆಲೆಮನೆಯ ಮುಂದೆ ಊರವರು ಸೇರಿದ್ದರು. ಯಂತ್ರದ ಒಳಗೆ ಏನೋ ಬದಲಾಗಿದೆ ಎನ್ನುವ ಸುದ್ದಿ ಅಷ್ಟರಲ್ಲಿ ಅಲ್ಲಿಗೂ ತಲುಪಿತ್ತು. ಭಾವನ ತಮ್ಮ ಕೈಕಟ್ಟಿ ದೂರದಲ್ಲೇ ನಿಂತಿದ್ದ. ನಾನು ಓದಿದೆ. ತಮ್ಮನ ಕಬ್ಬಿನ ಸರದಿ ಮೊದಲ ವಾರದಲ್ಲೇ ಬಂತು. ಭಾವನದು ಬರುವ ಹೊತ್ತಿಗೆ ಪಟ್ಟಿ ಮುಗಿಯುತ್ತಾ ಬಂದಿತ್ತು.

ಹಿಂದಿನಿಂದ ಯಾರೋ ಕಿಚಾಯಿಸಿದರು. “ಏನ್ ಗೌಡ್ರೇ, ಸ್ವಂತ ನಾದ್ನಿ ಕ್ಲಬ್ಬಲ್ಲಿ ಕುಂತವ್ಳೆ, ನಿಮ್ಮುನ್ನೇ ಇಂದಕ್ಕಾಕವ್ಳಲ್ಲ?”

ಭಾವ ಮೀಸೆ ತಿರುವಿದರು. “ಅದ್ಕೇ ಕಣ್ಲಾ ಈ ಪಟ್ಟೀನ ನಂಬಿ ಅಂದಿದ್ದು.”

ತಮ್ಮ ಕಟ್ಟಿದ ಕೈ ಬಿಚ್ಚಿ ಅಣ್ಣನ ಪಕ್ಕಕ್ಕೆ ಬಂದು ನಿಂತ. ಬೆಂಗಳೂರಿನ ಯಾವ ಕಂಪ್ಯೂಟರಿಗೆ ಇಂಥ ಸರ್ಟಿಫಿಕೇಟು ಸಿಕ್ಕಿದೆ, ನೀವೇ ಹೇಳಿ?