ಮೆರ್ವನ ಬಿಲ್ಲು

ಆಸ್ಟ್ರೇಲಿಯಾದ ಕೌರಿ ಕ್ರೀಕ್‌ನಂಥ ಊರಿಗೊಂದು ಬ್ಯಾಲೆ ಕಂಪನಿ ಬೇಕೆಂದು ಯಾರು ಅತ್ತಿದ್ದರೋ ದೇವರೇ ಬಲ್ಲ. ಕಬ್ಬು, ಕಬ್ಬಿನ ಮಿಲ್ಲು, ಒಂದೆರಡು ಪಬ್ಬು, ರಗ್ಬಿ ಮೈದಾನ. ಇಷ್ಟರಲ್ಲೇ ಸುಖವಾಗಿದ್ದ ಊರು. ಆದರೂ ವರ್ಷಕ್ಕೊಮ್ಮೆ ಅಲ್ಲಿನ ಟೌನ್ ಹಾಲಿನಲ್ಲಿ ಬಿಯರ್ ಹೊಟ್ಟೆಯ ಗಂಡಸರು ಸೊಂಟದವರೆಗಿನ ಬಿಗಿ ಕಾಲುಚೀಲ ಏರಿಸಿಕೊಂಡು ಅರಮನೆಯ ಸರದಾರರಾಗುತ್ತಿದ್ದರು. ಸ್ಕೂಲ್ ಬಸ್ಸಿನ ಡ್ರೈವರ್ ಮೆರ್ವಿನ್ ಟಾಲ್ಬಟ್ ಅವರಲ್ಲೊಬ್ಬ.

ಮೆರ್ವನನ್ನು ಕೇಳಿದರೆ ಬ್ಯಾಲೆಯಷ್ಟು ದಂಡದ ಕೆಲಸ ಭೂಮಿಯ ಮೇಲೆ ಇನ್ನೊಂದಿಲ್ಲ. "ಕಾಲ್ಬೆರಳ ಮೇಲೆ ನಿಂತ್ಕೊಳ್ಳೋಕೆ ಏನ್ ರೋಗ ಬಂದಿದೆ ಇವರಿಗೆ? ಮೇಲ್ಗಡೆ ಇರೋ ಬಿಸ್ಕತ್ ಡಬ್ಬಿ ಬೇಕಿದ್ರೆ ಸ್ಟೂಲ್ ತಗೊಳ್ಳಿ!" ಎಂದು ಅವನು ಪಬ್ಬಿನಲ್ಲಿ ಹೇಳಿದರೆ ಕಬ್ಬಿನ ಲಾರಿಯವರೆಲ್ಲ ಮೇಜು ಕುಟ್ಟಿ ನಗುತ್ತಿದ್ದರು. ಅದೇ ಮಾತಿಗೆ ಪ್ರತಿ ವರ್ಷವೂ ಅಷ್ಟೇ ನಗು. ಆ ಪಬ್ಬಿನ ಬುದ್ಧಿಯೂ ಅಷ್ಟಕ್ಕಷ್ಟೇ.

ಹುಡುಗಿಯರು ಬೇಕಾದಷ್ಟಿದ್ದು ಗಂಡಸರೇ ಇಲ್ಲದಾಗ ಅವರ ಅಪ್ಪಂದಿರನ್ನು ಎಳೆತಂದು ಹಿಂದೆ ನಿಲ್ಲಿಸುವುದು ಇಂಥ ಕಂಪನಿಗಳ ಪದ್ಧತಿ. ಮಗಳು ಟ್ರೇಸಿ ಚಿಕ್ಕವಳಿದ್ದಾಗ ಮೆರ್ವ್ ಸಿಕ್ಕಿಬಿದ್ದದ್ದು ಹಾಗೆಯೇ. ಟ್ರೇಸಿ ಎರಡೇ ವರ್ಷದಲ್ಲಿ ಸಾಕಾಗಿ, ಹಾಕಿ ಕೋಲು ಹಿಡಿದಳು. ಮಗಳು ಬಿಟ್ಟಳು, ಅಪ್ಪ ಬಿಡಲಿಲ್ಲ.

"ಗಂಡಸರು ಸಾಲಲ್ವಂತೆ, ಏನ್ಮಾಡೋದು" ಎಂದು ಅವನು ಗೊಣಗುತ್ತ ಹೊರಟರೆ ಹೆಂಡತಿ ಬೆವ್ ಚಹಾ ಕಪ್ಪಿನ ಮೇಲಿಂದ ನೋಡುತ್ತಿದ್ದಳು. "ಹೌದೌದು, ಪಾಪ. ಗೋಣೀಲಿ ಕಟ್ಕೊಂಡು ಹೋಗ್ತಾರೆ ನಿನ್ನ."

ಕಂಪನಿಯ ಯಜಮಾನಿ ಫಿಲಿಪಾ ಗಾರ್ಲಿಂಗ್. ಯಾವ ಕಾಲದಲ್ಲೋ ಮೆಲ್ಬರ್ನಿನ ದೊಡ್ಡ ರಂಗದ ಮೇಲೆ ಕೊನೆಯ ಸಾಲಿನ ತುದಿಯಲ್ಲಿ ಕುಣಿದು, ಮಂಡಿ ಕೆಟ್ಟು, ಕಬ್ಬು ಬೆಳೆಯುವವನನ್ನು ಮದುವೆಯಾಗಿ ಬಂದವಳು. ಮೆಲ್ಬರ್ನ್ ಇನ್ನೂ ತನಗಾಗಿ ಕಣ್ಣೀರು ಹಾಕುತ್ತಿದೆ ಎಂಬಂತೆ ಮಾತಾಡುತ್ತಿದ್ದಳು. ಇಷ್ಟು ವರ್ಷ ಇದರದೊಂದು ತುಂಡು, ಅದರದೊಂದು ತುಂಡು ಆಡಿಸಿ ಸಾಕಾಗಿ, ಈ ಸಲ ಹಂಸಗಳ ಬ್ಯಾಲೆಯನ್ನು ಮೊದಲಿಂದ ಕೊನೆಯವರೆಗೆ, ನಾಲ್ಕು ಅಂಕವೂ ಆಡಿಸುತ್ತೇನೆಂದು ಹೊರಟಳು. ರಾಜಕುಮಾರನೂ ಹಂಸಕುಮಾರಿಯೂ ಬ್ರಿಸ್ಬೇನಿನಿಂದ ವಿಮಾನದಲ್ಲಿ ಬಂದರು. ಉಳಿದ ಹಂಸಗಳು ಊರಿನ ಹುಡುಗಿಯರು. ಅವರ ತಲೆಯ ಗರಿ ಊರ ಹೊರಗಿನ ಕೋಳಿ ಫಾರಮ್ಮಿನದು. ಸೆಕೆಗೆ ಆ ಗರಿಗಳು ತಮ್ಮ ಹುಟ್ಟೂರಿನ ವಾಸನೆಯನ್ನು ಧಾರಾಳವಾಗಿ ಬಿಡುತ್ತಿದ್ದವು.

ಮೊದಲ ಅಂಕದಲ್ಲಿ ರಾಜಕುಮಾರನ ಹುಟ್ಟುಹಬ್ಬ. ತಾಯಿ ಅವನಿಗೆ ಬಿಲ್ಲೊಂದನ್ನು ಉಡುಗೊರೆ ಕೊಡುತ್ತಾಳೆ. ಆ ಬಿಲ್ಲನ್ನು ಕೆಂಪು ದಿಂಬಿನ ಮೇಲಿಟ್ಟುಕೊಂಡು ಒಬ್ಬ ಸರದಾರ ಹಿಂದಿನಿಂದ ಮುಂದಿನವರೆಗೆ ನಡೆದು ಬರಬೇಕು. ಕುಣಿಯುವವರೆಲ್ಲ ದಾರಿ ಬಿಟ್ಟು ನಿಲ್ಲುತ್ತಾರೆ, ವಾದ್ಯಗಳು ಮೆತ್ತಗಾಗುತ್ತವೆ, ಇಡೀ ಸಭೆ ಅವನೊಬ್ಬನನ್ನೇ ನೋಡುತ್ತದೆ.

"ಬಿಲ್ಲು ನೀನೇ ತಗೊಂಡ್ಬಾ ಮೆರ್ವ್" ಎಂದಳು ಫಿಲಿಪಾ.

"ನಂಗೇನು, ಯಾರಾದ್ರೂ ತರಲಿ" ಎಂದ ಮೆರ್ವ್. ಇಷ್ಟು ವರ್ಷ ಖಾಲಿ ಲೋಟ ಹಿಡಿದು ಗೋಡೆಗೊರಗಿ ನಿಂತವನ ಎದೆ ಒಳಗೇ ಡವಗುಟ್ಟಿತು.

ಅಂದಿನಿಂದ ಮನೆಯ ಹಿತ್ತಲಲ್ಲಿ ಟ್ರೇ ಮೇಲೆ ಪೊರಕೆಯಿಟ್ಟುಕೊಂಡು ನಡಿಗೆ ಶುರುವಾಯಿತು. ಬೆವ್ ಅಡುಗೆಮನೆ ಕಿಟಕಿಯಿಂದ ಕೂಗಿದಳು: "ಮಹಾಪ್ರಭುಗಳೇ, ಹಾಗೇ ಅಂಗಳಾನೂ ಗುಡಿಸಿಬಿಡಿ!"

"ಸೊಂಟ ನೋವು ಕಣೇ. ಅದಕ್ಕೆ ನಡೀತಿದೀನಿ."

ಆಟಕ್ಕೆ ಎರಡು ದಿನವಿತ್ತು. ವೇಷ ಕಟ್ಟಿಕೊಂಡು ಅಭ್ಯಾಸ ಮಾಡುವಾಗ ಫಿಲಿಪಾ ಮೆರ್ವನ ತೋಳು ಹಿಡಿದು ಪಕ್ಕಕ್ಕೆ ಕರೆದಳು. ಬಿಲ್ಲನ್ನು ಟ್ರ್ಯಾಕ್ಟರ್ ವ್ಯಾಪಾರಿ ಲೋರಿಸ್ ಮಾರ್ಟಿನೆಲ್ಲಿ ತರುತ್ತಾನಂತೆ. ಕಂಪನಿಯ ಅಧ್ಯಕ್ಷ, ಹೊಸ ಪರದೆ ಕೊಡಿಸಿದವನು, ಅವನ ತಾಯಿ ಬೇರೆ ನೋಡಲು ಬರುತ್ತಿದ್ದಾಳೆ. "ನಿಂಗೇನೂ ಬೇಜಾರಿಲ್ಲ ತಾನೆ? ನಿಂಗೆ ಇದೆಲ್ಲ ತಮಾಷೆ ಅಂತ ನಂಗೊತ್ತು."

"ಬೇಜಾರಾ? ನಂಗಾ? ಒಂದು ಪೀಡೆ ತಪ್ತು" ಎಂದ ಮೆರ್ವ್. ಬೇಕು ಎಂದು ಒಂದು ಸಲವಾದರೂ ಬಾಯಿಬಿಟ್ಟು ಹೇಳಿದ್ದರಲ್ಲವೇ ಬೇಡ ಎನ್ನಿಸಿಕೊಂಡಾಗ ಅಳುವ ಹಕ್ಕು!

ಆಟದ ದಿನ ಮಧ್ಯಾಹ್ನ ನೆಲದ ಕೆಲಸ ಅವನದೇ. ರಂಗದ ಮೇಲಿನ ರಬ್ಬರ್ ಹಾಸು ಜಾರುತ್ತದೆಂದು ಕೋಲಾಕ್ಕೆ ಅಷ್ಟೇ ನೀರು ಬೆರೆಸಿ ಒರೆಸಿಬಿಡುವುದು ಬ್ಯಾಲೆಯವರ ಹಳೆಯ ಉಪಾಯ. ಒಣಗಿದಾಗ ನೆಲ ಪಾದಕ್ಕೆ ಹಿತವಾಗಿ ಹಿಡಿಯುತ್ತದೆ. ಮೆರ್ವ್ ಬಾಟಲಿಗಳನ್ನು ಬಕೆಟ್ಟಿಗೆ ಬಗ್ಗಿಸಿದ. ನೀರಿನ ನಲ್ಲಿಯ ಕಡೆ ನೋಡಿದ. ಲೋರಿಸ್ ನಡೆದು ಬರುವ ದಾರಿಯ ಕಡೆ ನೋಡಿದ. ನಲ್ಲಿ ತಿರುಗಿಸಲಿಲ್ಲ. ಆ ದಾರಿಗೆ ಹನಿ ನೀರೂ ಸೋಕದ ಅಪ್ಪಟ ಕೋಲಾ, ಒಂದರ ಮೇಲೊಂದು ಪದರವಾಗಿ ಬಳಿದ. ಅದೇ ದಾರಿಯ ಮೇಲೆ ಮುಂದಿನ ಅಂಕದಲ್ಲಿ ಹಂಸಗಳೂ ಕುಣಿಯಬೇಕು ಎಂಬುದು ಆ ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

ಸಂಜೆ ಮೋಡ ಕಟ್ಟಿ ಗಾಳಿ ನಿಂತಿತು. ಕೋಲಾ ಒಣಗಲಿಲ್ಲ, ಪಾಕವಾಯಿತು.

ತೆರೆ ಏಳುವ ಮುನ್ನ ಎಲ್ಲರೂ ಒಬ್ಬರಿಗೊಬ್ಬರು "ಚೂಕಾಸ್" ಎಂದುಕೊಂಡರು. ರಂಗದ ಹಿಂದೆ ಒಳ್ಳೆಯದಾಗಲಿ ಎಂದು ಹಾರೈಸಿದರೆ ಕೇಡಾಗುತ್ತದಂತೆ, ಅದಕ್ಕೇ ಅದರ ಬದಲು ಈ ಮಾತು. ಮೆರ್ವ್ ಲೋರಿಸ್‌ನ ಹತ್ತಿರ ಹೋಗಿ ಕೈ ಕುಲುಕಿ, "ಒಳ್ಳೇದಾಗ್ಲಿ ಲೋರಿಸ್" ಎಂದ. ಲೋರಿಸ್ ಬಿಳಿಚಿಕೊಂಡ.

ವಾದ್ಯ ಮೆತ್ತಗಾಯಿತು. ಲೋರಿಸ್ ದಿಂಬು ಹಿಡಿದು ಹೊರಟ. ನಡುದಾರಿಯಲ್ಲಿ ಅವನ ದೊಡ್ಡ ಬಕಲಿನ ಶೂ ನೆಲ ಕಚ್ಚಿತು. ಲೋರಿಸ್ ಮುಂದೆ ಹೋದ, ಶೂ ಬರಲಿಲ್ಲ. ಹೆಬ್ಬೆರಳ ಹತ್ತಿರ ತೂತಾಗಿದ್ದ ಕಾಲುಚೀಲದಲ್ಲೇ ಅವನು ಬಿಲ್ಲು ಕೊಟ್ಟು, ಮುಖ ಕೆಂಪಗೆ ಮಾಡಿಕೊಂಡು ಇನ್ನೊಂದು ಬದಿಯಿಂದ ಮಾಯವಾದ. ಪರದೆಯ ಮರೆಯಲ್ಲಿ ಮೆರ್ವನಿಗೆ ಪಾಯಸ ಕುಡಿದಷ್ಟು ಖುಷಿ.

ಶೂ ಮಾತ್ರ ರಂಗದ ನಟ್ಟನಡುವೆ ಉಳಿಯಿತು. ರಾಜಕುಮಾರ ಅದನ್ನು ಸುತ್ತಿ ಕುಣಿದ, ಹುಡುಗಿಯರು ಅದನ್ನು ದಾಟಿ ಹಾರಿದರು.

"ಮೆರ್ವ್, ಹೋಗು! ಸರದಾರನ ಹಾಗೇ ಹೋಗಿ ಅದನ್ನ ಎತ್ಕೊಂಡು ಬಾ!" ಫಿಲಿಪಾ ಬೆನ್ನಿಗೆ ಕೈಕೊಟ್ಟು ನೂಕಿದಳು.

ಹಿತ್ತಲಲ್ಲಿ ಕಲಿತ ನಡಿಗೆ ಎಲ್ಲಿಗೂ ಹೋಗಿರಲಿಲ್ಲ. ಎದೆ ಎತ್ತಿ, ಗದ್ದ ಎತ್ತಿ, ತಾಳಕ್ಕೆ ಸರಿಯಾಗಿ ನಡೆದ. ರಾಣಿಗೆ ತಲೆಬಾಗಿದ. ಶೂ ಹಿಡಿದು ಎಳೆದ. ಬರಲಿಲ್ಲ. ಎರಡು ಕೈಯಲ್ಲಿ ಎಳೆದ. ಬರಲಿಲ್ಲ. ಕಾಲು ಊರಿ, ಕಬ್ಬಿನ ಬುಡ ಕೀಳುವವನಂತೆ ಜಗ್ಗಿದ; ಶೂ ಕಿತ್ತು ಬಂತು, ಮೆರ್ವ್ ಅಂಗಾತ ಬಿದ್ದ. ಏಳಲು ಹೋದರೆ ಕಾಲುಚೀಲದ ಹಿಂಭಾಗ ನೆಲಕ್ಕೆ ಅಂಟಿ ಪರ್ರೆಂದಿತು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಪಬ್ಬಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಬೆವ್ ಒಬ್ಬಳೇ ನಗಲಿಲ್ಲ. ಹಿತ್ತಲಿನ ಆ ನಡಿಗೆಯನ್ನು ಕಂಡಿದ್ದವಳು ಅವಳೊಬ್ಬಳೇ. ಮಾಡಿದ್ದುಣ್ಣೋ ಮಹರಾಯ!

ಉಣ್ಣುವುದು ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಅಂಕದಲ್ಲಿ ಹಂಸಗಳು ಸರೋವರಕ್ಕೆ ಇಳಿದಾಗ ಪ್ರತಿ ಹೆಜ್ಜೆಗೂ ಪಚಕ್ ಪಚಕ್ ಎಂದು ಕೆಸರುಗದ್ದೆಯ ಸದ್ದು. ಕೈಗೆ ಕೈ ಹೆಣೆದು ಕುಣಿಯುವ ನಾಲ್ವರು ಪುಟ್ಟ ಹಂಸಗಳಲ್ಲಿ ಒಬ್ಬಳ ಪಾದ ಅಂಟಿತು, ನಾಲ್ವರೂ ಉರುಳಿದರು. ಮೂರನೆಯ ಅಂಕದಲ್ಲಿ ಬ್ರಿಸ್ಬೇನಿನ ಕುಮಾರಿ ಒಂಟಿ ಕಾಲಿನ ಮೇಲೆ ಸುತ್ತಬೇಕಾದ ಹೆಸರಾಂತ ಮೂವತ್ತೆರಡು ಸುತ್ತುಗಳನ್ನು ನಾಲ್ಕಕ್ಕೇ ನಿಲ್ಲಿಸಿ, ಒಳಗೆ ಬಂದು ನೆಲಕ್ಕೆ ಬಾಯಿಗೆ ಬಂದಂತೆ ಬೈದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಗುತ್ತಿದ್ದವನೇ ಮೆರ್ವ್. ಈ ಸಲ ನೆಲವನ್ನು ಡೊಂಕು ಮಾಡಿದವನೂ ಅವನೇ ಆದ್ದರಿಂದ ನಗು ಬರಲಿಲ್ಲ.

ಪಾದ ಅಂಟಿ ಬಿದ್ದ ಪುಟ್ಟ ಹಂಸ ಶನೆಲ್ ದಿನಾ ಬೆಳಿಗ್ಗೆ ಅವನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರುವವಳು. ತರಚಿಹೋದ ಮಂಡಿಯ ಮೇಲೆ ಐಸ್ ಚೀಲ ಒತ್ತಿಕೊಂಡು ಬಿಕ್ಕುತ್ತಿದ್ದಳು. "ನಾನು ಸರಿಯಾಗೇ ಮಾಡ್ದೆ ಮೆರ್ವ್. ನೆಲ ನನ್ ಕಾಲು ಬಿಡ್ಲಿಲ್ಲ. ಅಮ್ಮ ನಂಬ್ತಾಳಾ?"

ಮೆರ್ವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. "ನಿನ್ ತಪ್ಪಲ್ಲ ಪುಟ್ಟಿ. ನೆಲ ಒರೆಸಿದ್ದು ನಾನು. ನೀರು ಬೆರೆಸ್ಲಿಲ್ಲ, ಬೇಕಂತಲೇ. ನಿಮ್ಮಮ್ಮಂಗೆ ನಾನೇ ಹೇಳ್ತೀನಿ."

ಪಕ್ಕದಲ್ಲಿದ್ದ ಫಿಲಿಪಾ ಇದನ್ನು ಕೇಳಿಸಿಕೊಂಡಳು. ಮೂಲೆಯಲ್ಲಿದ್ದ ಒರೆಸುವ ಕೋಲನ್ನು ತಂದು ಅವನ ಕೈಗಿತ್ತಳು.

ಆಟ ಮುಗಿದು ಟೌನ್ ಹಾಲ್ ಖಾಲಿಯಾದ ಮೇಲೆ ಮೆರ್ವ್ ಹರಿದ ಕಾಲುಚೀಲದ ಮೇಲೆ ಅಂಗಿ ಸುತ್ತಿಕೊಂಡು ಬಿಸಿನೀರಿನಲ್ಲಿ ನೆಲ ಉಜ್ಜುತ್ತಿದ್ದ. ಬ್ರಿಸ್ಬೇನಿನ ರಾಜಕುಮಾರ ಚೀಲ ಹೆಗಲಿಗೇರಿಸಿ ಹೊರಟವನು ನಿಂತ.

"ಆ ಶೂ ಎಳೆದಿದ್ದು ನೀನೇ ಅಲ್ವಾ? ಜನ ಇವತ್ತು ನಕ್ಕಿದ್ದು ನಿನ್ನ ನೋಡಿ ಗುರೂ! ಈ ಕಂಪನೀಲಿ ನೀನು ಕೋಡಂಗಿ ಪಾತ್ರ ಮಾಡ್ತೀಯಾ?"

ಮೆರ್ವ್ ಕೋಲಿಗೆ ಗದ್ದ ಊರಿ ನಿಂತ.

"ಇಲ್ಲ" ಎಂದ. "ಬಿಲ್ಲು ತರೋನು ನಾನು. ನಂಗದು ತುಂಬಾ ಬೇಕಿತ್ತು."

ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಾಜಕುಮಾರ ಏನೂ ಅರ್ಥವಾಗದೆ ತಲೆಯಾಡಿಸಿ ಟ್ಯಾಕ್ಸಿ ಹತ್ತಿದ.