ಮಸ್ಕತ್ತಿಗೆ ಹೋದ ಅಂಟಿನ ಉಂಡಿ

ಬೈಲಹೊಂಗಲದ ಇಮಾಮಹುಸೇನ ಮಸ್ಕತ್ತಿನಲ್ಲಿ ಶಾಲೆಯ ಬಸ್ಸು ಓಡಿಸಲು ಹೋಗಿ ಹನ್ನೊಂದು ವರ್ಷವಾಗಿತ್ತು. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆ. ಅದರಲ್ಲಿ ಮೂವತ್ತು ದಿನ ಅವನು ಆರಾಮಾಗಿ ಉಂಡು, ಮಲಗಿ, ನೆಂಟರ ಮನೆ ತಿರುಗಿ ಕಳೆಯುತ್ತಿದ್ದ. ಕೊನೆಯ ಹತ್ತು ದಿನ ಮಾತ್ರ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ಅಲ್ಲಿಯ ಗೆಳೆಯರಿಗೆ ಏನು ತಿಂಡಿ ಒಯ್ಯಬೇಕು ಎಂಬ ಪ್ರಶ್ನೆ ಆಗ ಮನೆಯನ್ನು ಹೊಕ್ಕು ಕೂರುತ್ತಿತ್ತು.

ಗೆಳೆಯರೆಂದರೆ ಅವನ ಕೋಣೆಯಲ್ಲೇ ಇರುವ ಮೂವರು ಚಾಲಕರು. ಕೇರಳದವರು ಇಬ್ಬರು, ನೇಪಾಳದ ಟೇಕ್ ಬಹಾದ್ದೂರ ಒಬ್ಬ. ನಾಲ್ಕು ಮಂಚ, ಒಂದು ಗ್ಯಾಸ್ ಒಲೆ, ಒಂದು ಫ್ರಿಜ್ಜು, ಅಷ್ಟೇ ಅವರ ಸಂಸಾರ.

ಪ್ರಶ್ನೆಯೇನೋ ದೊಡ್ಡದು, ಆದರೆ ಉತ್ತರ ಪ್ರತಿಸಲವೂ ಒಂದೇ. ಇಮಾಮನ ತಾಯಿ ಖತಿಜಾಬಿಯ ಅಂಟಿನ ಉಂಡಿ. ಮರದ ಅಂಟು, ಒಣಕೊಬ್ಬರಿ, ಉತ್ತತ್ತಿ, ಜಾಜಿಕಾಯಿ, ಬೆಲ್ಲ ಹಾಕಿ ಬಾಣಂತಿಯರಿಗೆ ಕಟ್ಟುವ ಉಂಡಿ ಅದು. ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ, ಹಿಂದೂ ಇರಲಿ ಮುಸಲ್ಮಾನ ಇರಲಿ, ಮೂವತ್ತು ವರ್ಷದಿಂದ ಉಂಡಿ ಖತಿಜಾಬಿಯವೇ. ಬೆಲ್ಲದ ಪಾಕವನ್ನು ಆಕೆ ಸ್ವಲ್ಪ ಜಾಸ್ತಿಯೇ ಏರಿಸುತ್ತಿದ್ದಳು, ಉಂಡಿ ಕಲ್ಲಿನಂತಾಗುತ್ತಿದ್ದವು. ಬಾಣಂತಿಯರು ಏನೂ ಅನ್ನುತ್ತಿರಲಿಲ್ಲ. ಬಾಣಂತಿಗೆ ಮಾತನಾಡುವ ಅಧಿಕಾರವಾದರೂ ಎಲ್ಲಿದೆ?

ಮೊದಲ ರಜೆ ಮುಗಿಸಿ ಉಂಡಿ ಒಯ್ದಾಗ ಟೇಕ್ ಬಹಾದ್ದೂರ ಒಂದನ್ನು ಕಚ್ಚಿ, ದವಡೆ ಹಿಡಿದುಕೊಂಡು, ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ. ಮುಂದೆ ಒಂದು ತಿಂಗಳು ಅದು ಕಿಟಕಿಯ ಕದ ಗಾಳಿಗೆ ಬಡಿಯದಂತೆ ತಡೆಯುವ ಕೆಲಸ ಮಾಡಿತು. ತಾಯಿ ಫೋನಿನಲ್ಲಿ ಉಂಡಿ ಹೇಗಿದ್ದವು ಎಂದು ಕೇಳಿದಾಗ ಇಮಾಮ ಬಹಳ ಚೆನ್ನಾಗಿದ್ದವು, ಸಾಲಲೇ ಇಲ್ಲ ಎಂದುಬಿಟ್ಟ. ಅವನು ತಪ್ಪಿದ್ದೇ ಅಲ್ಲಿ. ಎರಡನೆಯ ಸಲ ಎರಡು ಪಟ್ಟು ಉಂಡಿ ಬಂದವು. ಆಗ ಅವನು ಶಾಲೆಯ ಮಾಲೀಕನೂ ತಿಂದನೆಂದು ಹೇಳಿದ. ಮೂರನೆಯ ಸಲ ಮಾತಿನ ಭರದಲ್ಲಿ, ಆ ಮಾಲೀಕನ ಸೊಸೆ ಹೆರಿಗೆಯಾದ ಮೂರೇ ದಿನಕ್ಕೆ ಇವೇ ಉಂಡಿ ತಿಂದು ಎದ್ದು ಓಡಾಡಿದಳು ಎಂದ. ಖರ್ಜೂರ ಬೆಳೆಯುವ ದೇಶಕ್ಕೆ ಬೈಲಹೊಂಗಲದಿಂದ ಉತ್ತತ್ತಿ ಹೋಗಿ ಹೆಸರು ಮಾಡಿದೆ ಎಂಬ ಸುದ್ದಿ ಮುರಗೋಡದವರೆಗೂ ಮುಟ್ಟಿತು.

ಐದನೆಯ ರಜೆಯ ಹೊತ್ತಿಗೆ ಈ ಸುದ್ದಿಗೆ ಒಬ್ಬ ಕಾರ್ಯದರ್ಶಿಯೂ ಹುಟ್ಟಿಕೊಂಡಿದ್ದ. ಪಕ್ಕದ ಮನೆಯ ಯಮನಪ್ಪ, ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಿವೃತ್ತಿಯ ನಂತರ ಊರಿನ ಮರ್ಯಾದೆ ಕಾಯುವ ಕೆಲಸವನ್ನು ಯಾರೂ ಹೇಳದೆಯೇ ಮೈಮೇಲೆ ಹಾಕಿಕೊಂಡಿದ್ದ.

"ಧಾರವಾಡಕ್ಕ ಪೇಡೆ ಐತಿ, ಬೆಳಗಾವಿಗೆ ಕುಂದಾ ಐತಿ, ಗೋಕಾಕಕ್ಕ ಕರದಂಟು ಐತಿ," ಎಂದು ಅವನು ಇಮಾಮನ ಕಟ್ಟೆಯ ಮೇಲೆ ಕುಳಿತು ಲೆಕ್ಕ ಒಪ್ಪಿಸಿದ. "ನಮ್ಮೂರಿಗೆ ಏನೈತಿ? ಇತಿಹಾಸ ಐತಿ. ಅದನ್ನ ಡಬ್ಬ್ಯಾಗ ಹಾಕಿ ಕಳಸಾಕ ಬರೂದಿಲ್ಲ. ನಿಮ್ಮವ್ವನ ಉಂಡಿ ಅದಾವಲ್ಲ ಇಮಾಮಸಾಬ, ಅವು ನಮ್ಮೂರ ಮಾನ."

ಇಮಾಮ ತಲೆಯಾಡಿಸಿದ. ಆದರೆ ಈ ಸಲ ಊರಿನ ಮಾನವನ್ನು ಊರಲ್ಲೇ ಬಿಟ್ಟು ಹೋಗಬೇಕೆಂದು ಅವನೂ ಹೆಂಡತಿ ಫಿರದೋಸಳೂ ಮೊದಲೇ ನಿಶ್ಚಯಿಸಿದ್ದರು. ಫಿರದೋಸ್ ಸಿರಸಂಗಿಯಲ್ಲಿ ರೊಟ್ಟಿ ಬಡಿದು ಮಾರುವ ಶಟ್ಟೆವ್ವನಿಗೆ ಹೇಳಿ ಜೋಳದ ನೂರು ಕಟಕ ರೊಟ್ಟಿ ತರಿಸಿದ್ದಳು. ಶೇಂಗಾ ಚಟ್ನಿಯನ್ನು ತಾನೇ ಕುಟ್ಟಿದ್ದಳು. ರೊಟ್ಟಿ ಮುರಿದ ಸದ್ದು ಕೇಳಿದರೆ ಸಾಕು, ಇಮಾಮನಿಗೆ ಬಾಯಲ್ಲಿ ನೀರು ಬರುತ್ತಿತ್ತು. ಹನ್ನೊಂದು ವರ್ಷದಲ್ಲಿ ತನಗೆ ಬೇಕಾದದ್ದನ್ನು ಒಮ್ಮೆಯೂ ಒಯ್ದಿರಲಿಲ್ಲ ಅವನು.

ತಾಯಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದವನಿಗೆ ಫಿರದೋಸ್ ಸೀದಾ ದಾರಿ ತೋರಿಸಿದಳು.

"ಒಂದು ಸಲ ಖರೇ ಹೇಳಿಬಿಡ್ರಿ. ಉಂಡಿ ಗಟ್ಟಿ ಅದಾವು ಅಂದ್ರ ಯಾರೂ ಸಾಯೂದಿಲ್ಲ."

ಇಮಾಮನಿಗೆ ಸೀದಾ ದಾರಿಯ ಮೇಲೆ ಬಸ್ಸು ಓಡಿಸಿ ಗೊತ್ತಿತ್ತೇ ಹೊರತು ಮಾತು ಓಡಿಸಿ ಗೊತ್ತಿರಲಿಲ್ಲ. ತಾಯಿಯ ಮುಂದೆ ಹೋಗಿ, ಅಲ್ಲಿಯ ಗೆಳೆಯರಿಗೆ ಈಚೆಗೆ ಸಿಹಿ ಆಗಿಬರುವುದಿಲ್ಲ, ಬೇಡ ಅಂದಿದ್ದಾರೆ ಎಂದ. ಖತಿಜಾಬಿ ಕೊಬ್ಬರಿ ಹೆರೆಯುವುದನ್ನು ನಿಲ್ಲಿಸಲಿಲ್ಲ.

"ಹೌದೇನು? ಹಂಗಾರ ನಾನ ಕೇಳತೇನಿ. ಹಚ್ಚು ಫೋನು."

ಟೇಕ್ ಬಹಾದ್ದೂರನಿಗೆ ಮೊದಲೇ ಒಂದು ಮಾತು ಹೇಳಿಡಲೂ ಬಿಡುವು ಸಿಗಲಿಲ್ಲ. ವಿಡಿಯೊ ಕರೆಗೆ ಅವನು ಬನಿಯನ್ನಿನಲ್ಲೇ ಪ್ರತ್ಯಕ್ಷನಾದ. ಖತಿಜಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡು, ತನ್ನ ಉರ್ದುವಿನಲ್ಲಿ, ಉಂಡಿ ಬೇಡ ಅಂದೆಯಂತೆ ಏನಪ್ಪಾ ಎಂದು ಕೇಳಿದಳು. ಅವನು ಒಂದು ಕ್ಷಣ ಇಮಾಮನ ಮುಖ ನೋಡಿದ, ಇನ್ನೊಂದು ಕ್ಷಣ ಆ ಮುದುಕಿಯ ಮುಖ ನೋಡಿದ. ಆಮೇಲೆ ಹಿಂದಿಯಲ್ಲಿ ಶುರು ಮಾಡಿದವನು ನಿಲ್ಲಲೇ ಇಲ್ಲ. ಬೇಡ ಅಂದವರು ಯಾರು, ಕಳೆದ ಸಲ ಉಂಡಿಗಾಗಿ ಕೋಣೆಯಲ್ಲಿ ಜಗಳವೇ ಆಯಿತು, ಕೇರಳದ ಒಬ್ಬ ನಾಲ್ಕನ್ನು ಕದ್ದು ದಿಂಬಿನ ಕೆಳಗೆ ಬಚ್ಚಿಟ್ಟಿದ್ದ, ಇಮಾಮ ಭಾಯಿ ತಾನೊಬ್ಬನೇ ತಿನ್ನುವ ಆಸೆಗೆ ಹೀಗೆ ಹೇಳುತ್ತಿರಬೇಕು ಎಂದ. ಇಷ್ಟು ವರ್ಷ ಕಷ್ಟಪಟ್ಟು ಇಮಾಮ ಹೇಳಿದ ಸುಳ್ಳುಗಳೆಲ್ಲ ಇವನ ಎರಡು ನಿಮಿಷದ ಮಾತಿನ ಮುಂದೆ ಸಪ್ಪೆಯಾಗಿಬಿಟ್ಟವು.

ಖತಿಜಾಬಿ ಫೋನು ಕೆಳಗಿಟ್ಟು ಮಗನನ್ನು ನೋಡಿದಳು. ಇನ್ನೆರಡು ಗಿಟಕು ಕೊಬ್ಬರಿ ತೆಗೆದುಕೊಂಡಳು.

ಹೊರಡುವ ಹಿಂದಿನ ದಿನ ಯಮನಪ್ಪ ಹಳೆಯ ಪರಿಚಯದ ಮೇಲೆ ಇಮಾಮನ ಚೀಲವನ್ನು ಮಾರುಕಟ್ಟೆಗೇ ಹೊರಿಸಿಕೊಂಡು ಹೋಗಿ, ಹತ್ತಿಯ ಮೂಟೆ ತೂಗುವ ಕಾಟಾದ ಮೇಲೆ ಇಡಿಸಿದ. ವಿಮಾನದವರು ಬಿಡುವುದು ಮೂವತ್ತು ಕಿಲೋ. ಕಾಟಾ ಮೂವತ್ತಾರು ತೋರಿಸಿತು. ಸುತ್ತ ನಿಂತ ವ್ಯಾಪಾರಿಗಳು, ಹಮಾಲರು ಎಲ್ಲ ಸೇರಿ ಏನು ತೆಗೆಯಬೇಕೆಂದು ಚರ್ಚೆಗಿಳಿದರು. ಚರ್ಚೆ ಬಹಳ ಹೊತ್ತು ನಡೆಯಲಿಲ್ಲ. ಉಂಡಿ ಊರ ಮಾನ, ಅದನ್ನು ತೆಗೆಯುವ ಮಾತೇ ಇಲ್ಲ. ರೊಟ್ಟಿ ಬಡವರ ಅನ್ನ, ಹೊರಗೆ ಬಂತು. ಚಟ್ನಿ ಎಣ್ಣೆ ಬಿಡುತ್ತದೆ, ಹೊರಗೆ ಬಂತು. ಇಮಾಮನ ಎರಡು ಅಂಗಿಗಳೂ ಹೊರಗೆ ಬಂದವು. ಯಮನಪ್ಪ ಡಬ್ಬಿಗಳ ಮೇಲೆ ತಾನು ಅಚ್ಚು ಹಾಕಿಸಿ ತಂದ ಚೀಟಿ ಅಂಟಿಸಿದ. 'ಬೈಲಹೊಂಗಲದ ಸುಪ್ರಸಿದ್ಧ ಅಂಟಿನ ಉಂಡಿ' ಎಂದಿತ್ತು.

ವಿಮಾನ ನಿಲ್ದಾಣದ ಯಂತ್ರದ ಪರದೆಯಲ್ಲಿ ಎಂಬತ್ತು ದುಂಡನೆಯ ಗಟ್ಟಿ ವಸ್ತುಗಳು ಸಾಲಾಗಿ ಕಂಡಾಗ ಅಧಿಕಾರಿ ಚೀಲ ಬಿಚ್ಚಿಸಿದ. ಇವು ಏನು ಎಂದ. ಹೆರಿಗೆಯಾದ ಹೆಂಗಸರು ತಿನ್ನುವ ಉಂಡಿ ಎಂದು ಇಮಾಮ ಹೇಳಿದ. ಹೆರಿಗೆ ಯಾರಿಗಾಗಿದೆ ಎಂದು ಅಧಿಕಾರಿ ಕೇಳಿದ. ಯಾರಿಗೂ ಇಲ್ಲ, ನಾವು ನಾಲ್ವರು ಬಸ್ಸಿನ ಚಾಲಕರು ಎಂದಾಗ ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿ, ಒಂದು ಉಂಡಿಯನ್ನು ಮೇಜಿಗೆ ಕುಟ್ಟಿ ನೋಡಿ, ಕೈಬೀಸಿ ಮುಂದೆ ಕಳಿಸಿದ.

ಕೋಣೆ ಸೇರಿ ಚೀಲ ಇಳಿಸಿದವನೇ ಇಮಾಮ ಟೇಕ್ ಬಹಾದ್ದೂರನನ್ನು ತರಾಟೆಗೆ ತೆಗೆದುಕೊಂಡ. ನಿನ್ನ ನಾಲಿಗೆಯಿಂದ ನನ್ನ ರೊಟ್ಟಿ ಹೋಯಿತು, ಅಂಗಿ ಹೋಯಿತು ಎಂದ. ಟೇಕ್ ಬಹಾದ್ದೂರ ತಣ್ಣಗೆ ಕೇಳಿಸಿಕೊಂಡು, ತನ್ನ ತಾಯಿ ಕಳಿಸುವ ಗುಂದ್ರುಕ್ ಬಗ್ಗೆ ಇಮಾಮ ಏನು ಹೇಳಿದ್ದನೆಂದು ನೆನಪಿಸಿದ. ಗುಂದ್ರುಕ್ ಎಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪು. ಪೊಟ್ಟಣ ಬಿಚ್ಚಿದರೆ ಪಕ್ಕದ ಕೋಣೆಯವರೂ ಮೂಗು ಮುಚ್ಚಿಕೊಂಡು ಎದ್ದು ಬರುತ್ತಿದ್ದರು. ಆ ತಾಯಿಗೆ ಫೋನಿನಲ್ಲಿ ಇಮಾಮ, ಇಂಥ ಸೊಪ್ಪನ್ನು ಜೀವಮಾನದಲ್ಲೇ ತಿಂದಿಲ್ಲ ಎಂದಿದ್ದ. ಆಕೆ ಅದನ್ನು ಹೊಗಳಿಕೆಯೆಂದು ತಿಳಿದು ವರ್ಷ ವರ್ಷವೂ ಕಳಿಸುತ್ತಿದ್ದಳು. ನಾನೇನಾದರೂ ಅಂದೆನೇ ಎಂದು ಟೇಕ್ ಬಹಾದ್ದೂರ ಕೇಳಿದ. ಇಬ್ಬರೂ ನಗತೊಡಗಿದರು.

ಶುಕ್ರವಾರ ರಜೆ. ಊರು ಕಳಿಸಿದ್ದನ್ನು ಎಸೆಯಲು ಯಾರಿಗೂ ಮನಸ್ಸಿಲ್ಲ, ಕಚ್ಚಲು ಯಾರಿಗೂ ಹಲ್ಲಿಲ್ಲ. ಕೊನೆಗೆ ಟೇಕ್ ಬಹಾದ್ದೂರ ಹತ್ತು ಉಂಡಿಗಳನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನ ಸುತ್ತಿಗೆ ತಂದು ಕುಟ್ಟಿದ. ಆ ಪುಡಿಯನ್ನು ಹಾಲಿಗೆ ಹಾಕಿ ಕುದಿಸಿದ. ಅಂಟು ಅರಳಿತು, ಉತ್ತತ್ತಿ ಮೆತ್ತಗಾಯಿತು, ಕೋಣೆಯ ತುಂಬ ಜಾಜಿಕಾಯಿಯ ವಾಸನೆ ಹರಡಿತು. ನಾಲ್ವರೂ ಎರಡೆರಡು ಬಟ್ಟಲು ಕುಡಿದರು. ಕೇರಳದವರು ಪಾತ್ರೆ ತಳ ಕೆರೆದರು.

ಅಂದು ಇಮಾಮನಿಗೆ ಎಲ್ಲಿಂದಲೋ ಧೈರ್ಯ ಬಂತು. ತಾಯಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿಬಿಟ್ಟ. ಇಷ್ಟು ವರ್ಷ ಯಾರೂ ತಿಂದಿಲ್ಲ, ಗಟ್ಟಿ ಇದ್ದವು, ಮಾಲೀಕನೂ ಇಲ್ಲ, ಸೊಸೆಯೂ ಇಲ್ಲ, ಇವತ್ತು ಸುತ್ತಿಗೆಯಿಂದ ಕುಟ್ಟಿ ಹಾಲಿನಲ್ಲಿ ಕುದಿಸಿದೆವು ಎಂದ. ತಾಯಿ ಅಳುತ್ತಿದ್ದಾಳೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಮತ್ತ ಅದು ಹಾಲಿನಾಗ ಕುದಿಸಿ ಕುಡಿಯೂದ ಅಲ್ಲೇನೋ?" ಎಂದಳು ಖತಿಜಾಬಿ. "ಒಣಾ ಕಡೀರಿ ಅಂತ ನಿಮಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಆಮೇಲೆ ಆಕೆ, ಕುದಿಸಿದವನು ಯಾರೋ ಅವನಿಗೆ ಫೋನು ಕೊಡು ಎಂದಳು. ಎಮ್ಮೆಯ ಹಾಲೋ ಪುಡಿಯ ಹಾಲೋ, ಉರಿ ಎಷ್ಟಿತ್ತು, ತುಪ್ಪ ಬಿಟ್ಟೆಯೋ ಇಲ್ಲವೋ ಎಂದು ಟೇಕ್ ಬಹಾದ್ದೂರನನ್ನು ಇಪ್ಪತ್ತು ನಿಮಿಷ ವಿಚಾರಿಸಿಕೊಂಡಳು. ಇಮಾಮ ಅಷ್ಟರಲ್ಲಿ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ.