ಮೇಜಿನ ಮೇಲೆ ನಿಂತ ಬುಗುರಿ

ನಿನ್ನನ್ನು ನಿನ್ನ ಹಳೆಯ ಗುಂಪಿನವರಿಗೆ ತೋರಿಸಿಕೊಟ್ಟವಳು ನಾನು. ತೋರಿಸಿಕೊಟ್ಟದ್ದು ಬೆಂಗಳೂರಿನವರಲ್ಲ — ಐದನೇ ಕ್ಲಾಸಿನಲ್ಲಿ ನಿನಗೆ ಇಂಗ್ಲಿಷ್ ಕಲಿಸಿದ ಈ ಮಿಸ್.

ರಿಟೈರ್ ಆಗಿ ಚನ್ನಪಟ್ಟಣದಲ್ಲಿ ರೋಸ್ ಗಿಡಗಳ ಜೊತೆ ಮಾತಾಡಿಕೊಂಡಿದ್ದೆ. ಆಗ ಬೆಂಗಳೂರಿನಿಂದ ಆ ರಿಸರ್ಚ್ ತಂಡ ಬಂತು. ಹುಡುಗರು ಹಿಂಸೆಯ ಗುಂಪುಗಳಿಗೆ ಯಾಕೆ ಸೇರುತ್ತಾರೆ, ಹೇಗೆ ಬಿಟ್ಟು ಬರುತ್ತಾರೆ ಎಂಬುದು ಅವರ ಸ್ಟಡಿ. ಅವರಿಗೆ ನಮ್ಮ ಮಾತು ತಿಳಿಯದು, ಇಂಟರ್‌ಪ್ರಿಟರ್ ಬೇಕು. ಎಷ್ಟೋ ಕಾಲದ ಮೇಲೆ ಯಾರೋ 'ಮ್ಯಾಡಮ್' ಎಂದರು — ಅಷ್ಟಕ್ಕೇ ಉಬ್ಬಿಹೋದೆ. ನೀನು ಅಂಥದೊಂದು ಗುಂಪಿನಲ್ಲಿದ್ದು ಬಿಟ್ಟದ್ದು ಬೀದಿಗೆಲ್ಲ ಗೊತ್ತಿತ್ತು. ಅವರನ್ನು ನಿನ್ನ ಮನೆಗೇ ಕರೆತಂದೆ. ಯಾವ ಗುಂಪು, ಯಾವ ಬಣ್ಣದ ಬಾವುಟ — ಅದನ್ನಿಲ್ಲಿ ಬರೆಯಲಾರೆ.

ಅವರೆಲ್ಲ ಕಾರಿನತ್ತ ಹೋದ ಮೇಲೆ, ಗೊಂಬೆ ಕಡೆಯುವ ಲೇಥ್ ನಿಲ್ಲಿಸಿ ನೀನು ಹೇಳಿದೆ: "ಇದೊಂದ್ ಅವ್ರಿಗೆ ಹೇಳ್ಬ್ಯಾಡಿ ಮಿಸ್. ನಮ್ ಗುಂಪ್ನೋರು ಒಂದ್ ಅಂಗ್ಡಿಗೆ ಬೆಂಕಿ ಇಕ್ಕಕ್ ಹೊಂಟಿದ್ರಲ್ಲ, ನಾನೇ ಅಂಗ್ಡಿಯೋರ್ಗೆ ಫೋನ್ ಮಾಡಿ, ಮಕ್ಳನ್ನ ಕರ್ಕೊಂಡ್ ಎದ್ದೋಗಿ ಅಂದ್ಬುಟ್ಟೆ. ಯಾರ್ ಹೇಳಿದ್ದು ಅಂತ ಇನ್ನೂ ಹುಡುಕ್ತಾವ್ರೆ."

"ಈ ಮಾತು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತೆ ಬಿಡೋ," ಎಂದೆ.

ಆಗತಾನೇ ಅರಗಿನ ಬಣ್ಣ ಹಚ್ಚಿದ್ದ ಬುಗುರಿಯೊಂದನ್ನು ನೀನು ನನ್ನ ಕೈಗಿಟ್ಟೆ. "ನಮ್ಮುನ್ನ ಬೆಂಚ್ ಮ್ಯಾಲ್ ನಿಲ್ಲಿಸ್ತಿದ್ರಲ್ಲ, ಈಗ ಇದುನ್ನ ಒಸಿ ನಿಲ್ಸಿ ನೋಡುವಾ!"

ನಿಲ್ಲಿಸಿದೆನಪ್ಪಾ. ಬೆಂಗಳೂರಿನ ಎಸಿ ಹಾಲಿನಲ್ಲಿ, ಸೆಮಿನಾರಿನ ಮೇಜಿನ ಮೇಲೆ.

ಎಕ್ಸ್‌ಪರ್ಟ್‌ಗಳು ಐಡಿಯಾಲಜಿ, ನೆಟ್‌ವರ್ಕ್, ಗ್ರೀವೆನ್ಸ್ ಎಂದೆಲ್ಲ ಮಾತಾಡಿ ಮುಗಿಸಿದ್ದರು. ಇಂಟರ್‌ಪ್ರಿಟರ್ ಎಂದು ನನ್ನನ್ನೂ ಮಾತಾಡಲು ಕರೆದಿದ್ದರು; ನನ್ನ ಸರದಿ ಊಟಕ್ಕೆ ಮುಂಚೆ. ಎಲ್ಲರ ಕಣ್ಣೂ ಮೊಬೈಲಿನಲ್ಲಿ. ಅವಮಾನವಾಯಿತು — ಅಲ್ಲ, ಅದು ದೊಡ್ಡ ಮಾತು. ಅವರು ನನ್ನನ್ನು ನೋಡಬೇಕಿತ್ತು, ಅಷ್ಟೇ. ಬ್ಯಾಗಿನಿಂದ ಬುಗುರಿ ತೆಗೆದು ತಿರುಗಿಸಿದೆ. ಇದನ್ನು ಮಾಡಿದ ಹುಡುಗ ಒಂದು ಕುಟುಂಬವನ್ನೇ ಉಳಿಸಿದ, ಎಂದೆ. ಮೊಬೈಲುಗಳಿಂದ ತಲೆಗಳು ಮೇಲೆದ್ದವು. ಆ ಫೋನಿನ ವಿಷಯ, ಅಂಗಡಿ, ಮಕ್ಕಳು — ಎಲ್ಲ ಹೇಳಿದೆ. ನಿನಗೆ ಬೇರೊಂದು ಹೆಸರಿಟ್ಟಿದ್ದೆ, ಊರನ್ನೂ ಹೇಳಲಿಲ್ಲ. ಎಷ್ಟು ಕೇರ್‌ಫುಲ್ ನಾನು ಎಂದು ಒಳಗೊಳಗೇ ಬೀಗಿದೆ. ಚಪ್ಪಾಳೆ ಬಿತ್ತು.

ಯಾರೋ ಬುಗುರಿಯ ಫೋಟೋ ತೆಗೆದು, ಕೆಳಗೆ ಆ ಕಥೆಯನ್ನು ಬರೆದು ಹಂಚಿದರು. ನನ್ನ ಮುಖವಾಗಲಿ ಹೆಸರಾಗಲಿ ಅದರಲ್ಲಿರಲಿಲ್ಲ. ಅದು ಮೊಬೈಲಿನಿಂದ ಮೊಬೈಲಿಗೆ ನಮ್ಮೂರಿಗೇ ಬಂತು.

ನಿಮ್ಮ ತಾತನ ಕಾಲದಿಂದ ನಿಮ್ಮ ಮನೆಯಲ್ಲಿ ಬುಗುರಿಗೆ ಬಣ್ಣದ ಪಟ್ಟಿಗಳನ್ನು ಒಂದೇ ಕ್ರಮದಲ್ಲಿ ಹಚ್ಚುತ್ತೀರಿ. ಬೇರೆ ಯಾರೂ ಹಾಗೆ ಹಚ್ಚುವುದಿಲ್ಲ. ಗೊಂಬೆ ಮಾಡುವ ಬೀದಿಯಲ್ಲಿ ಅದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು! ಜೀವಮಾನವಿಡೀ ಇಲ್ಲೇ ಇದ್ದವಳು — ಆ ಹಾಲಿನಲ್ಲಿ ಮಾತ್ರ...

ಫೋಟೋದಲ್ಲಿ ಆ ಪಟ್ಟಿಗಳನ್ನು ಗುರುತಿಸಿ ಗುಂಪಿನ ನಿನ್ನ ಹಳೆಯ ಗೆಳೆಯರು ಬಂದರು. ಲೇಥ್ ಒಡೆದು ಹೋದರು. ನೀನು ಹಿತ್ತಲಿನಿಂದ ಹೊರಟವನು ಇನ್ನೂ ಮನೆಗೆ ಬಂದಿಲ್ಲ.

ನೋಡಲು ಹೋದಾಗ ನಿನ್ನ ಅಮ್ಮ ಮುರಿದ ಚೂರುಗಳನ್ನು ಗುಡಿಸುತ್ತಿದ್ದರು. ನನಗೆ ಕುರ್ಚಿ ಒರೆಸಿ ಹಾಕಿದರು. "ಆ ಬೆಂಗ್ಳೂರ್ನೋರು ನಮ್ ಬುಗ್ರಿ ಎತ್ಕೊಂಡೋಗಿದ್ರಾ ಮಿಸ್ಸಮ್ಮ? ಫೋನಲ್ ಅವನ್ನ ಕೇಳುದ್ರೆ ಬಾಯೇ ಬಿಡಾಕಿಲ್ಲ ಅಂತಾನೆ. ಎಲ್ಲವ್ನೆ ಅಂತ್ಲೂ ಹೇಳಾಕಿಲ್ಲ."

"ಇರಬೇಕು," ಎಂದೆ.

ಒಂದೇ ಮಾತು. ಕಾನ್ವೆಂಟಿನಲ್ಲಿ ಕನ್ಫೆಷನ್, ತಪ್ಪೊಪ್ಪಿಗೆ ಅಂದರೆ ಏನೆಂದು ಸಿಸ್ಟರ್‌ಗಳು ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರು! ಆದರೂ ನಿನ್ನ ಅಮ್ಮ ಕೊಟ್ಟ ಟೀ ಕುಡಿದು ಎದ್ದು ಬಂದೆ.

ನೀನು ಬುಗುರಿಯನ್ನು ಯಾರ ಕೈಗೆ ಕೊಟ್ಟೆ ಎಂದು ನಿನಗೆ ಗೊತ್ತು. ಹೆತ್ತಮ್ಮ ಕೇಳಿದರೂ ನೀನು ನನ್ನ ಹೆಸರು ಹೇಳಲಿಲ್ಲ. ಅದನ್ನು ನೆನೆದರೆ — ಬೇಡ.

ಆ ಬಣ್ಣಗಳ ಕ್ರಮ ಯಾವುದೆಂದು ಇಲ್ಲಿ ಬರೆದಿಲ್ಲ, ನೋಡು. ಬುಗುರಿ ಬ್ಯಾಗಿನಲ್ಲಿದೆ. ಇದಿಷ್ಟನ್ನು ಬರೆದ ಮೇಲೆ ನಿಮ್ಮ ಮನೆಗೆ ಹೊರಡುತ್ತೇನೆ. ಈ ಸಲ ಕುರ್ಚಿಯಲ್ಲಿ ಕೂರುವುದಿಲ್ಲ. ಬುಗುರಿ ಒಯ್ದವಳು ನಾನೆಂದು ನಿನ್ನ ಅಮ್ಮನಿಗೆ ನಿಂತೇ ಹೇಳುತ್ತೇನೆ.